ವಿ6 ಬಿಟ್ಟು ನಾಲ್ಕು ಸಿಲಿಂಡರ್‌ಗೆ ಬರುತ್ತಿದ್ದೇನೆ: ಕ್ಯಾಮ್ರಿ, ಅಕಾರ್ಡ್, ಆಲ್ಟಿಮಾ, ಮಜ್ದಾ 6, ಸೊನಾಟಾ... ಯಾವುದರ ಇಂಜಿನ್ ನಿಜಕ್ಕೂ ಸ್ಮೂತ್?

ಹಿಂದಿನ_ಸೀಟು
ಹನ್ನೊಂದು ವರ್ಷದಿಂದ ಒಂದೇ ಕಾರು ಓಡಿಸುತ್ತಿದ್ದೇನೆ. 3.5 ಲೀಟರ್ ವಿ6, ಅಂದರೆ ಆರು ಸಿಲಿಂಡರ್. ಅದಕ್ಕೂ ವಯಸ್ಸಾಯಿತು, ಮಾರುವ ಕಾಲ ಬಂದಿದೆ. ಬದಲಿಗೆ 2018ರಿಂದ 2020ರ ನಡುವಿನ ಸೆಕೆಂಡ್ ಹ್ಯಾಂಡ್ ಫ್ಯಾಮಿಲಿ ಸೆಡಾನ್ ಹುಡುಕುತ್ತಿದ್ದೇನೆ. ಪಟ್ಟಿಯಲ್ಲಿ ಕ್ಯಾಮ್ರಿ 2.5, ಅಕಾರ್ಡ್ 1.5 ಟರ್ಬೊ, ಆಲ್ಟಿಮಾ 2.5, ಮಜ್ದಾ 6, ಸೊನಾಟಾ 2.4 ಇವೆ. ಎಲ್ಲವೂ ನಾಲ್ಕು ಸಿಲಿಂಡರ್.

ಜಾಗ, ಮೈಲೇಜ್, ಏರ್‌ಬ್ಯಾಗ್ ಎಲ್ಲ ಹೋಲಿಸಿ ಆಗಿದೆ. ಅದರಲ್ಲಿ ಐದೂ ಹೆಚ್ಚು ಕಡಿಮೆ ಒಂದೇ. ನನ್ನ ತಲೆ ತಿನ್ನುತ್ತಿರುವುದು ಇಂಜಿನ್ನಿನ ನಯ.

ಮೂರು ಕಾರು ಓಡಿಸಿ ನೋಡಿದೆ. ಮೊದಲನೆಯದರಲ್ಲಿ ಸಿಗ್ನಲ್‌ನಲ್ಲಿ ನಿಂತಾಗ ಸೀಟಿನ ಕೆಳಗಿನಿಂದ ಒಂದು ಸಣ್ಣ ನಡುಕ. ಒಳಗಿನ ಕನ್ನಡಿಯಲ್ಲಿ ಹಿಂದಿನ ಕಾರಿನ ದೀಪ ಎರಡೆರಡಾಗಿ ಕಾಣುತ್ತಿತ್ತು! ಎರಡನೆಯದು ನಿಂತಾಗ ಮೌನಿ, ಆದರೆ ಏರಿನಲ್ಲಿ ಕಾಲು ಒತ್ತಿದರೆ ಗೋಳೋ ಅಂತ ಅಳುತ್ತದೆ. ಮೂರನೆಯದು ಎರಡರಲ್ಲೂ ಪರವಾಗಿಲ್ಲ, ಆದರೆ ಬಾನೆಟ್ ಹತ್ತಿರ ನಿಂತರೆ ಟಿಕ್ ಟಿಕ್ ಟಿಕ್. ಯಾವುದು ಯಾವ ಕಾರು ಅಂತ ಹೇಳುವುದಿಲ್ಲ. ಹಳೇ ಗಾಡಿ ಒಂದನ್ನು ನೋಡಿ ಇಡೀ ಮಾಡೆಲ್‌ನ ಹೆಸರು ಕೆಡಿಸುವುದು ಸರಿಯಲ್ಲ.

ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ಮಗು ಕೂರುತ್ತಾರೆ. ಮಗು ಎಲ್ಲಿ ಬೇಕಾದರೂ ಮಲಗುತ್ತದೆ. ಅಮ್ಮನಿಗೆ ಬೆನ್ನು ನೋವು, ನಡುಕ ಅಂದರೆ ಆಗುವುದಿಲ್ಲ. ಓಡಿಸಿದ ಅನುಭವ ಇರುವವರು ಹೇಳಿ.

ಸುಮ್ನೆ_ಓದುವವ
ಹೈಬ್ರಿಡ್ ತಗೊಳ್ಳಿ. ಮುಗೀತು.

ಮೂರನೇ_ಕ್ಯಾಮ್ರಿ
ನನ್ನದು ಇದು ಮೂರನೇ ಕ್ಯಾಮ್ರಿ, ಹೆಸರೇ ಹೇಳುತ್ತದಲ್ಲ. 2018ರಲ್ಲಿ ಬಂದ 2.5 ಇಂಜಿನ್ ಹಳೆಯದರ ಮುಂದುವರಿಕೆ ಅಲ್ಲ, ಪೂರ್ತಿ ಹೊಸದು. ಕಂಪ್ರೆಷನ್ (ಸಿಲಿಂಡರ್ ಒಳಗೆ ಹಿಂಡುವ ಪ್ರಮಾಣ) 13:1, 203 ಹಾರ್ಸ್‌ಪವರ್, ಥರ್ಮಲ್ ಎಫಿಷಿಯನ್ಸಿ (ಇಂಧನದ ಶಕ್ತಿಯಲ್ಲಿ ಕೆಲಸಕ್ಕೆ ಬರುವ ಪಾಲು) 40 ಶೇಕಡಾ ಅಂತ ಟೊಯೊಟಾ ಹೇಳಿಕೊಂಡಿದೆ. ಜೊತೆಗೆ 8 ಸ್ಪೀಡ್ ಆಟೊಮ್ಯಾಟಿಕ್. ಹೆದ್ದಾರಿಯಲ್ಲಿ ಇಂಜಿನ್ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಯೋಚನೆ ಮಾಡಬೇಡಿ, ಕಣ್ಣು ಮುಚ್ಚಿ ತಗೊಳ್ಳಿ.

ನಾಲ್ಕೇ_ಸಾಕು
ಕಣ್ಣು ಮುಚ್ಚಬಹುದು, ಕಿವಿಯನ್ನೂ ಮುಚ್ಚಬೇಕಾಗುತ್ತದೆ 😄 4,500 ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ಸುತ್ತು) ದಾಟಿಸಿ ನೋಡಿ ಆ ಇಂಜಿನ್ನನ್ನು. ಹೆದ್ದಾರಿಯಲ್ಲಿ ಸುಮ್ಮನೆ ತೇಲುವಾಗ ಯಾವ ಕಾರು ತಾನೇ ಕೂಗುತ್ತದೆ?

ಮೂರನೇ_ಕ್ಯಾಮ್ರಿ
4,500 ದಾಟಿಸುವುದು ಯಾಕೆ? ಫ್ಯಾಮಿಲಿ ಕಾರು ಸ್ವಾಮಿ, ರೇಸ್ ಅಲ್ಲ.

ನಾಲ್ಕೇ_ಸಾಕು
ದಾಟಿಸಲೇಬೇಕಾಗುತ್ತದೆ, ಅದಕ್ಕೆ ಹೇಳಿದ್ದು. ಆ 2.5ರಲ್ಲಿ ಟಾರ್ಕ್, ಅಂದರೆ ಎಳೆಯುವ ಬಲ, ಸುಮಾರು 250 ನ್ಯೂಟನ್ ಮೀಟರ್, ಆದರೆ ಅದು ಪೂರ್ತಿ ಸಿಗುವುದು 5,000 ಆರ್‌ಪಿಎಂಗೆ. ಅಕಾರ್ಡ್ 1.5 ಟರ್ಬೊದಲ್ಲಿ 260, ಅದೂ 1,600ರಿಂದಲೇ. ಐದು ಜನ ಕೂತು ಲಗೇಜ್ ತುಂಬಿ ಏರು ಹತ್ತಿ. ಒಂದು ಕಾರು 2,500ರಲ್ಲಿ ಕೆಲಸ ಮುಗಿಸುತ್ತದೆ. ಇನ್ನೊಂದು ಎರಡು ಗೇರ್ ಇಳಿಸಿ 4,800ಕ್ಕೆ ಹೋಗುತ್ತದೆ. ಇಂಜಿನ್ ಒರಟಾ ನಯವಾ ಅನ್ನುವ ಪ್ರಶ್ನೆ ಆಮೇಲೆ. ಅದು ಎಷ್ಟು ಸಲ ಒರಟಾಗುವ ಜಾಗಕ್ಕೆ ಹೋಗಬೇಕಾಗುತ್ತದೆ, ಮೊದಲು ಅದನ್ನು ನೋಡಿ.

ಆರರ_ಮೋಹ
ವಿ6 ಓಡಿಸಿದವರಿಗೆ ಇವು ಯಾವುವೂ ರುಚಿಸಲ್ಲ. ಅಭ್ಯಾಸ ಆಗುವವರೆಗೆ ಒಂದು ವರ್ಷ ಬೈದುಕೊಂಡು ಓಡಿಸಿ. ನಾನೂ ಹಾಗೇ ಮಾಡಿದೆ.

ಹಳೇ_ಪಿಸ್ಟನ್
ಕೆಲಸದಲ್ಲಿ ಇಪ್ಪತ್ತು ವರ್ಷ ಕಂಪನ ಅಳೆದವನು ನಾನು. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ನೀವು ಹೇಳಿದ ಮೂರು ತೊಂದರೆಗೂ ಒಂದಕ್ಕೊಂದು ಸಂಬಂಧ ಇಲ್ಲ. ನಿಂತಾಗಿನ ನಡುಕ, ಏರಿನ ಗೋಳು, ಬಾನೆಟ್ ಹತ್ತಿರದ ಟಿಕ್ ಟಿಕ್. ಮೂರಕ್ಕೂ ಕಾರಣ ಬೇರೆ, ಮದ್ದು ಬೇರೆ. "ಸ್ಮೂತ್" ಅನ್ನುವ ಒಂದೇ ಚೀಲಕ್ಕೆ ಹಾಕಿದರೆ ಚರ್ಚೆ ಮುಗಿಯುವುದೇ ಇಲ್ಲ.

ನಾಲ್ಕು ಸಿಲಿಂಡರ್‌ನಲ್ಲಿ ಎರಡು ಪಿಸ್ಟನ್ ಮೇಲೆ ಹೋದಾಗ ಎರಡು ಕೆಳಗೆ ಬರುತ್ತವೆ. ಸಮ ಆಯಿತಲ್ಲ ಅನಿಸುತ್ತದೆ. ಆದರೆ ಪಿಸ್ಟನ್ನನ್ನು ಕ್ರ್ಯಾಂಕ್‌ಗೆ (ತಿರುಗುವ ದಂಡಕ್ಕೆ) ಜೋಡಿಸುವ ಕನೆಕ್ಟಿಂಗ್ ರಾಡ್ ಓರೆಯಾಗುವುದರಿಂದ ಪಿಸ್ಟನ್ ತನ್ನ ದಾರಿಯ ಮೇಲಿನ ಅರ್ಧವನ್ನು ಬೇಗ, ಕೆಳಗಿನ ಅರ್ಧವನ್ನು ನಿಧಾನವಾಗಿ ದಾಟುತ್ತದೆ. ಹಾಗಾಗಿ ಮೇಲಿನವರ ಎಳೆತಕ್ಕೂ ಕೆಳಗಿನವರ ಎಳೆತಕ್ಕೂ ಸ್ವಲ್ಪ ವ್ಯತ್ಯಾಸ ಉಳಿಯುತ್ತದೆ. ಕ್ರ್ಯಾಂಕ್ ಒಂದು ಸುತ್ತು ಬರುವಾಗ ಈ ಉಳಿಕೆ ಎರಡು ಸಲ ಇಂಜಿನ್ನನ್ನು ಮೇಲೆ ಕೆಳಗೆ ಕುಲುಕುತ್ತದೆ. ವೇಗ ಎರಡು ಪಟ್ಟಾದರೆ ಈ ಕುಲುಕಾಟ ನಾಲ್ಕು ಪಟ್ಟು. 2,000ದಲ್ಲಿ ಗೊತ್ತೇ ಆಗದ್ದು 5,000ದಲ್ಲಿ ಪೆಡಲ್‌ಗೆ, ಸ್ಟೀರಿಂಗ್‌ಗೆ ಬಂದು ಕಚಗುಳಿ ಇಡುವುದು ಇದಕ್ಕೇ. ಪಿಸ್ಟನ್ ದಪ್ಪ ಇದ್ದಷ್ಟೂ ಜಾಸ್ತಿ. 2.5 ಲೀಟರ್ ನಾಲ್ಕು ಸಿಲಿಂಡರ್‌ಗೆ ಇದು ಹುಟ್ಟುಗುಣ. 60 ಡಿಗ್ರಿ ವಿ6ಗೆ ಈ ಕಾಟ ತುಂಬಾ ಕಡಿಮೆ.

ನಾಲ್ಕೇ_ಸಾಕು
ಅದಕ್ಕೇ ಅಲ್ವಾ ಬ್ಯಾಲೆನ್ಸ್ ಶಾಫ್ಟ್ ಇರುವುದು? ಅದು ಇದ್ದರೆ ಸಿಗ್ನಲ್‌ನಲ್ಲೂ ನಡುಗಬಾರದು.

ಹಳೇ_ಪಿಸ್ಟನ್
ಇಲ್ಲೇ ಎಲ್ಲರೂ ಎಡವುವುದು. ಬ್ಯಾಲೆನ್ಸ್ ಶಾಫ್ಟ್ ಕ್ರ್ಯಾಂಕ್‌ಗಿಂತ ಎರಡು ಪಟ್ಟು ವೇಗದಲ್ಲಿ ತಿರುಗಿ ನಾನು ಮೇಲೆ ಹೇಳಿದ ಕುಲುಕಾಟವನ್ನು ಕೊಲ್ಲುತ್ತದೆ. ಆದರೆ ಐಡಲ್‌ನಲ್ಲಿ, ಅಂದರೆ ಕಾರು ನಿಂತು ಇಂಜಿನ್ ಓಡುತ್ತಿರುವಾಗ, ಆ ಕುಲುಕಾಟವೇ ತೀರಾ ಕಡಿಮೆ ಇರುತ್ತದೆ. ಕೊಲ್ಲಲು ಏನೂ ಇಲ್ಲ.

ಐಡಲ್‌ನಲ್ಲಿ ನಡುಗಿಸುವುದು ಸಿಲಿಂಡರ್‌ನಲ್ಲಿ ಉರಿದಾಗ ಕೊಡುವ ಒದೆತ. ನಾಲ್ಕು ಸಿಲಿಂಡರ್ 750 ಆರ್‌ಪಿಎಂನಲ್ಲಿ ಸೆಕೆಂಡಿಗೆ 25 ಒದೆತ ಕೊಡುತ್ತದೆ. ವಿ6 ಆದರೆ 37 ಚಿಲ್ಲರೆ. ಒದೆತಗಳ ನಡುವೆ ಅಂತರ ಕಡಿಮೆ, ಪ್ರತಿಯೊಂದೂ ಮೃದು. 25 ಹರ್ಟ್ಸ್ ಸುತ್ತಮುತ್ತ ಕಾರಿನ ಬಾಡಿ, ಸ್ಟೀರಿಂಗ್ ಕಂಬ, ಕನ್ನಡಿ ತಾವಾಗಿಯೇ ಕುಣಿಯಲು ಕಾಯುತ್ತಿರುತ್ತವೆ. ನಿಮ್ಮ ಕನ್ನಡಿಯಲ್ಲಿ ದೀಪ ಎರಡಾಗಿ ಕಂಡದ್ದು ಇದಕ್ಕೆ. ಇದನ್ನು ತಡೆಯುವ ಕೆಲಸ ಇಂಜಿನ್ ಮೌಂಟ್‌ನದ್ದು, ಅಂದರೆ ಇಂಜಿನ್ನನ್ನು ಕಾರಿನಲ್ಲಿ ಹಿಡಿದಿಡುವ ರಬ್ಬರ್ ಆಸರೆಯದ್ದು.

ಗ್ರೀಸ್_ಕೈ
ಪಿಸ್ಟನ್ ಸಾಹೇಬರು ಹೇಳಿದ್ದು ಸರಿ. ನಾನು ಗ್ಯಾರೇಜಿನವನು. "ಇಂಜಿನ್ ಒರಟು" ಅಂತ ಬರುವ ಹಳೇ ಗಾಡಿಗಳಲ್ಲಿ ಜಾಸ್ತಿ ಸಲ ಇಂಜಿನ್ ಸರಿಯಾಗೇ ಇರುತ್ತದೆ, ಮೌಂಟ್ ಸತ್ತಿರುತ್ತದೆ.

ಮೊದಲನೇ ಕಾರಿಗೆ ಒಂದು ಪರೀಕ್ಷೆ ಮಾಡಿ. ಇಂಜಿನ್ ಬಿಸಿಯಾದ ಮೇಲೆ ಬ್ರೇಕ್ ಒತ್ತಿಕೊಂಡು ಡಿ (ಡ್ರೈವ್) ಗೇರ್‌ನಲ್ಲಿ ನಿಲ್ಲಿಸಿ. ನಡುಕ ಇದೆಯಾ? ಈಗ ಎನ್‌ಗೆ (ನ್ಯೂಟ್ರಲ್) ಹಾಕಿ. ಪೂರ್ತಿ ಹೋಯಿತಾ? ಹೋದರೆ ಮೌಂಟ್ ಮೇಲೆ ಅನುಮಾನ ಪಡಿ. ಎನ್‌ನಲ್ಲೂ ಎಡವಿ ಎಡವಿ ಓಡುತ್ತಿದ್ದರೆ ಪ್ಲಗ್, ಕಾಯಿಲ್, ಕೊಳೆ ಹಿಡಿದ ಥ್ರಾಟಲ್ ಬಾಡಿ, ಈ ಕಡೆ ನೋಡಬೇಕು. ಆಮೇಲೆ ಎಸಿ ಹಾಕಿ. ಕಂಪ್ರೆಸರ್ ಹಿಡಿದಾಗ ಒಂದು ಸಲ ಜಗ್ಗಿ ಸುಮ್ಮನಾದರೆ ಸರಿ. ಜಗ್ಗುತ್ತಲೇ ಇದ್ದರೆ ಸರಿಯಿಲ್ಲ.

ಇನ್ನೊಂದು. ಬೆಳಿಗ್ಗೆ ತಣ್ಣಗಿದ್ದಾಗಲೇ ಹೋಗಿ ಸ್ಟಾರ್ಟ್ ಮಾಡಿಸಿ. ನೀವು ಬರುವ ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಬಾನೆಟ್ ಮುಟ್ಟಿದರೆ ಗೊತ್ತಾಗುತ್ತದೆ.

ಸುಮ್ನೆ_ಓದುವವ
ಬಾನೆಟ್ ಮುಟ್ಟುವ ಟ್ರಿಕ್ ಚೆನ್ನಾಗಿದೆ 👍

ಆ್ಯಪ್_ರಾಜ
ಇಷ್ಟೆಲ್ಲ ಯಾಕೆ? ಫೋನಿನಲ್ಲಿ ಡೆಸಿಬೆಲ್ ಆ್ಯಪ್ ಹಾಕಿಕೊಳ್ಳಿ. ಐದೂ ಕಾರಿನಲ್ಲಿ ಐಡಲ್ ಅಳೆಯಿರಿ. ಕಡಿಮೆ ಬಂದದ್ದು ಗೆದ್ದಿತು. ನಾನು ನನ್ನ ಕಾರನ್ನೂ ಭಾವನ ಕಾರನ್ನೂ ಹಾಗೇ ಅಳೆದೆ, ನನ್ನದೇ 2 ಡೆಸಿಬೆಲ್ ಕಡಿಮೆ. ಆವತ್ತಿನಿಂದ ಭಾವ ಆ ವಿಷಯ ಎತ್ತುತ್ತಿಲ್ಲ.

ಹಳೇ_ಪಿಸ್ಟನ್
ಭಾವನಿಗೆ ಅನ್ಯಾಯ ಆಗಿರಬಹುದು. ಆ್ಯಪ್ ಸಾಮಾನ್ಯವಾಗಿ ತೋರಿಸುವುದು ಎ-ವೇಟೆಡ್ ಅಂಕಿ. ನಮ್ಮ ಕಿವಿಗೆ ತಗ್ಗಿನ ಸದ್ದು ಕಡಿಮೆ ಕೇಳುತ್ತದೆ ಅಂತ ಅದನ್ನು ಲೆಕ್ಕದಲ್ಲಿ ಕತ್ತರಿಸುತ್ತಾರೆ. 50 ಹರ್ಟ್ಸ್‌ನಲ್ಲಿ ಸುಮಾರು 30 ಡೆಸಿಬೆಲ್ ಕತ್ತರಿ, 25 ಹರ್ಟ್ಸ್‌ನಲ್ಲಿ ಸುಮಾರು 45. ಅಂದರೆ ನಾಲ್ಕು ಸಿಲಿಂಡರ್ ಕಾರಿನ ಗುಮ್ಮೆನ್ನುವ ಸದ್ದು ಮತ್ತು ನಡುಕ ಇರುವ ಜಾಗವನ್ನೇ ಆ ಅಂಕಿ ಹೆಚ್ಚು ಕಡಿಮೆ ನೋಡುವುದಿಲ್ಲ. ನೀವು ಅಳೆದದ್ದು ಎಸಿ ಬ್ಲೋವರ್ ಸದ್ದು ಇರಬೇಕು.

ಆ್ಯಪ್_ರಾಜ
ಎಸಿ ಆಫ್ ಇತ್ತು!

ಆ್ಯಪ್_ರಾಜ
ಭಾವನ ಕಾರಿನಲ್ಲಿ ಆನ್ ಇತ್ತು ಅನಿಸುತ್ತದೆ.

ಆರರ_ಮೋಹ
😂😂 ಭಾವನಿಗೆ ಫೋನ್ ಮಾಡಿ ಕ್ಷಮೆ ಕೇಳಿ ಮೊದಲು.

ತಿರುವಿನ_ದಾರಿ
ಮಜ್ದಾ 6 ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲ, ನಾನೇ ಹೇಳುತ್ತೇನೆ. 2.5 ಸ್ಕೈಆ್ಯಕ್ಟಿವ್, 6 ಸ್ಪೀಡ್ ಆಟೊಮ್ಯಾಟಿಕ್. 2018ರ ಮಾಡೆಲ್‌ನಿಂದ ಹಗುರ ಕೆಲಸ ಇದ್ದಾಗ ಎರಡು ಸಿಲಿಂಡರ್ ಮಲಗಿಸುತ್ತದೆ. ನಾಲ್ಕರಲ್ಲಿ ಎರಡು ನಿಂತರೆ ಟ್ರ್ಯಾಕ್ಟರ್ ಥರ ಆಗಬೇಕಲ್ಲ? ಆಗದ ಹಾಗೆ ಇಂಜಿನ್ನಿಗೂ ಗೇರ್‌ಬಾಕ್ಸ್‌ಗೂ ನಡುವಿನ ಟಾರ್ಕ್ ಕನ್ವರ್ಟರ್ ಒಳಗೆ ತೂಗಾಡುವ ಪೆಂಡುಲಮ್ ತೂಕಗಳನ್ನು ಇಟ್ಟಿದ್ದಾರೆ. ಒದೆತ ಬಂದಾಗ ಅವು ಎದುರು ದಿಕ್ಕಿಗೆ ತೂಗಿ ಅದನ್ನು ನುಂಗುತ್ತವೆ. ಯಾವಾಗ ಎರಡಾಯಿತು, ಯಾವಾಗ ನಾಲ್ಕಾಯಿತು, ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಆದರೆ ನಿಜ ಹೇಳಬೇಕು. ಟೈರ್ ಸದ್ದು ಇಂಜಿನ್ ಸದ್ದಿಗಿಂತ ಜಾಸ್ತಿ ಕೇಳುತ್ತದೆ. ಇಂಜಿನ್ ಸ್ಮೂತ್ ಆಗಿ ಏನು ಬಂತು ಅನಿಸಿದ್ದೂ ಇದೆ.

ನಾಲ್ಕೇ_ಸಾಕು
ಅದರದೇ 2.5 ಟರ್ಬೊ ಸಿಕ್ಕರೆ ನೋಡಿ. 2,000 ಆರ್‌ಪಿಎಂನಲ್ಲೇ 420 ನ್ಯೂಟನ್ ಮೀಟರ್. ವಿ6 ಬಿಟ್ಟ ದುಃಖ ಅರ್ಧ ಮರೆಯುತ್ತದೆ.

ಆರರ_ಮೋಹ
ಇನ್ನರ್ಧ?

ನಾಲ್ಕೇ_ಸಾಕು
ಇನ್ನರ್ಧ ಪೆಟ್ರೋಲ್ ಹಾಕಿಸುವಾಗ ಮರೆಯುತ್ತದೆ, ನಿಮ್ಮ ವಿ6 ನೆನಪಿಸಿಕೊಂಡರೆ.

ಆರರ_ಮೋಹ
ಹೆತ್ತವರಿಗೆ ಹೆಗ್ಗಣ ಮುದ್ದು ಅಂತೀರಿ, ಅನ್ನಿ. ಆದರೆ ನಿಸ್ಸಾನ್‌ನ ವಿಕ್ಯೂ ವಿ6 ಇಂಜಿನ್ ಅಮೆರಿಕದ ವಾಹನ ಪತ್ರಿಕೆ ವಾರ್ಡ್ಸ್‌ನ ಹತ್ತು ಉತ್ತಮ ಇಂಜಿನ್‌ಗಳ ಪಟ್ಟಿಯಲ್ಲಿ 1995ರಿಂದ 2008ರವರೆಗೆ ಸತತ 14 ವರ್ಷ ಇತ್ತು. ಹೋಂಡಾದ ಜೆ ಸೀರೀಸ್ ವಿ6ನಲ್ಲಿ ವಾಲ್ವ್ ತೆರೆಯುವ ಕ್ಯಾಮ್‌ಗೆ ಚೈನ್ ಬದಲು ಟೈಮಿಂಗ್ ಬೆಲ್ಟ್. ಬದಲಿಸುವ ಖರ್ಚು ಇದೆ, ಒಪ್ಪುತ್ತೇನೆ. ಆದರೆ ಚೈನಿನ ಸರ್ ಸರ್ ಇಲ್ಲ. ಕ್ಯಾಮ್ರಿಯ 3.5 ವಿ6 ಅಂತೂ ಹೆದ್ದಾರಿಯಲ್ಲಿ ಗಾಳಿಯ ಸದ್ದಿನ ಹಿಂದೆ ಅಡಗಿಕೊಂಡಿರುತ್ತಿತ್ತು. ಒಂದೊಂದಾಗಿ ಎಲ್ಲ ಹೋದವು. ಸೊನಾಟಾದಲ್ಲಿ 2011ಕ್ಕೆ, ಅಕಾರ್ಡ್‌ನಲ್ಲಿ 2018ಕ್ಕೆ, ಕ್ಯಾಮ್ರಿಯಲ್ಲಿ 2025ಕ್ಕೆ.

ಮೂರನೇ_ಕ್ಯಾಮ್ರಿ
2018-20ರ ಕ್ಯಾಮ್ರಿಯಲ್ಲಿ ವಿ6 ಇತ್ತಲ್ಲ, 301 ಹಾರ್ಸ್‌ಪವರ್. ಕೇಳಿದವರು ಅದನ್ನೇ ಯಾಕೆ ನೋಡುತ್ತಿಲ್ಲ?

ಹಿಂದಿನ_ಸೀಟು
ಹುಡುಕಿದೆ. ಸಿಗುವುದೇ ಕಷ್ಟ, ಸಿಕ್ಕವು ತುಂಬಾ ಓಡಿರುತ್ತವೆ. ಮೈಲೇಜ್ ಲೆಕ್ಕಕ್ಕೂ ಈ ಸಲ ನಾಲ್ಕೇ ಸಾಕು ಅಂತ ಮನೆಯಲ್ಲಿ ತೀರ್ಮಾನ ಆಗಿದೆ. (ಹೆಸರಿಗೆ ಹೊಂದಿತು, ಕ್ಷಮಿಸಿ.)

ಗ್ರೀಸ್_ಕೈ
ವಿ6 ಅಂದ ತಕ್ಷಣ ಎಲ್ಲವೂ ಬೆಣ್ಣೆ ಅಲ್ಲ. ಹೋಂಡಾ ವಿ6ನಲ್ಲಿ ಸಿಲಿಂಡರ್ ಮಲಗಿಸುವ ವಿಸಿಎಂ ಬಂದ ಮೇಲೆ ಅದಕ್ಕಾಗಿಯೇ ಆ್ಯಕ್ಟಿವ್ ಮೌಂಟ್ ಇಡಬೇಕಾಯಿತು. ಮೂರು ಸಿಲಿಂಡರ್‌ನಲ್ಲಿ ಓಡುವಾಗ ಮೌಂಟ್ ಒಳಗಿನ ಆ್ಯಕ್ಚುಯೇಟರ್ ಎದುರು ನಡುಗಿ ಕಂಪನವನ್ನು ಕಳೆಯುತ್ತದೆ. ಮೌಂಟ್ ಹಳೆಯದಾದರೆ ಆ ಆರು ಸಿಲಿಂಡರ್ ಕಾರೂ ಗಡಗಡ ಅನ್ನುತ್ತದೆ.

ಅಡ್ಡ_ಪಿಸ್ಟನ್
ನಾಲ್ಕು ಸಿಲಿಂಡರ್, ಬ್ಯಾಲೆನ್ಸ್ ಶಾಫ್ಟ್ ಬೇಡ, ಆದರೂ ಕುಲುಕಬಾರದು ಅಂದರೆ ಒಂದೇ ದಾರಿ: ಬಾಕ್ಸರ್. ಸುಬಾರು ಲೆಗಸಿ. ಪಿಸ್ಟನ್‌ಗಳು ಎದುರುಬದುರು ಮಲಗಿ ಗುದ್ದಾಡುತ್ತವೆ. ಒಬ್ಬನ ಎಳೆತ ಇನ್ನೊಬ್ಬನಿಗೆ ಸರಿಹೋಗುತ್ತದೆ. ಪಿಸ್ಟನ್ ಸಾಹೇಬರು ಹೇಳಿದ ಆ ಎರಡು ಪಟ್ಟಿನ ಕುಲುಕಾಟ ಇದರಲ್ಲಿ ಇಲ್ಲವೇ ಇಲ್ಲ.

ಹಳೇ_ಪಿಸ್ಟನ್
ಪೂರ್ತಿ ನಿಜ ಅಲ್ಲ. ಎದುರುಬದುರು ಪಿಸ್ಟನ್‌ಗಳು ಒಂದೇ ಗೆರೆಯಲ್ಲಿ ಇರುವುದಿಲ್ಲ, ಕ್ರ್ಯಾಂಕ್‌ಪಿನ್ ದಪ್ಪದಷ್ಟು ಅತ್ತಿತ್ತ ಇರುತ್ತವೆ. ಹಾಗಾಗಿ ಸ್ವಲ್ಪ ತೊನೆದಾಟ ಉಳಿಯುತ್ತದೆ. ಮತ್ತೆ ಐಡಲ್‌ನಲ್ಲಿ ಕ್ರ್ಯಾಂಕ್‌ನ ಪ್ರತಿ ಸುತ್ತಿಗೂ ಎರಡೇ ಒದೆತ, ಅದು ಎಲ್ಲ ನಾಲ್ಕು ಸಿಲಿಂಡರ್‌ಗೂ ಒಂದೇ.

ಅಡ್ಡ_ಪಿಸ್ಟನ್
ತೊನೆದಾಟವನ್ನು ಲೆಕ್ಕಕ್ಕೆ ತಗೊಳ್ಳುವವರು ನೀವೊಬ್ಬರೇ.

ಹಳೇ_ಪಿಸ್ಟನ್
ಅದಕ್ಕೇ ಸಂಬಳ ಕೊಡುತ್ತಿದ್ದರು.

ಹಳೇ_ಪುಟ
ವಿಷಯ ಬಿಟ್ಟು ಒಂದು ಮಾತು. ಬ್ಯಾಲೆನ್ಸ್ ಶಾಫ್ಟ್ ಅಂದರೆ ಹೊಸ ಕಾಲದ್ದು ಅಂದುಕೊಂಡಿರುವವರಿಗೆ: ಫ್ರೆಡರಿಕ್ ಲ್ಯಾಂಚೆಸ್ಟರ್ ಇದನ್ನು ಯೋಚಿಸಿದ್ದು 20ನೇ ಶತಮಾನದ ಮೊದಲ ದಿನಗಳಲ್ಲೇ. ಆಮೇಲೆ ಹೆಚ್ಚು ಕಡಿಮೆ ಮರೆತೇಹೋಗಿತ್ತು. 1970ರ ದಶಕದಲ್ಲಿ ಮಿತ್ಸುಬಿಷಿ ಎರಡು ಶಾಫ್ಟ್‌ಗಳನ್ನು ಒಂದು ಮೇಲೆ ಒಂದು ಕೆಳಗೆ ಇಟ್ಟು "ಸೈಲೆಂಟ್ ಶಾಫ್ಟ್" ಅಂತ ತಂದಿತು. ಪೋರ್ಶೆ 944 ಮಾಡುವಾಗ 2.5 ಲೀಟರ್ ನಾಲ್ಕು ಸಿಲಿಂಡರ್ ನಡುಗುತ್ತದೆ ಅಂತ ಮಿತ್ಸುಬಿಷಿಯಿಂದಲೇ ಲೈಸೆನ್ಸ್ ತಗೊಂಡಿತು. ಪೋರ್ಶೆಗೇ ಬೇಕಾಯಿತು ಅಂದ ಮೇಲೆ 2.5 ಲೀಟರ್ ಕ್ಯಾಮ್ರಿಯ ಪಾಡೇನು.

ಸುಮ್ನೆ_ಓದುವವ
ಆಲ್ಟಿಮಾದಲ್ಲಿ ಏನೋ ಕಂಪ್ರೆಷನ್ ಬದಲಾಗುವ ಇಂಜಿನ್ ಇದೆಯಂತಲ್ಲ, ಅದು?

ಹಳೇ_ಪಿಸ್ಟನ್
ವಿಸಿ ಟರ್ಬೊ, 2.0 ಲೀಟರ್. ಆಲ್ಟಿಮಾಗೆ 2019ರಲ್ಲಿ ಬಂತು. ಕಂಪ್ರೆಷನ್ 8:1ರಿಂದ 14:1ರವರೆಗೆ ಓಡುವಾಗಲೇ ಬದಲಾಗುತ್ತದೆ. ಎಲ್ಲರೂ ಆ ಅಂಕಿಯನ್ನೇ ಹೇಳುತ್ತಾರೆ. ನನಗೆ ಇಷ್ಟವಾದದ್ದು ಬೇರೆ. ಪಿಸ್ಟನ್‌ಗೂ ಕ್ರ್ಯಾಂಕ್‌ಗೂ ನಡುವೆ ನೇರ ರಾಡ್ ಬದಲು ಕೀಲುಗಳ ಜೋಡಣೆ ಇದೆ. ಪಿಸ್ಟನ್‌ಗೆ ಅಂಟಿದ ತುಂಡು ಹೆಚ್ಚು ಓರೆಯಾಗುವುದೇ ಇಲ್ಲ. ಓರೆಯಾಗುವುದರಿಂದಲೇ ಕುಲುಕಾಟ ಹುಟ್ಟುತ್ತದೆ ಅಂತ ಮೇಲೆ ಹೇಳಿದೆನಲ್ಲ? ಇಲ್ಲಿ ಮೂಲದಲ್ಲೇ ಕಡಿಮೆ. ಅದಕ್ಕೆ ಬ್ಯಾಲೆನ್ಸ್ ಶಾಫ್ಟ್ ಇಡಬೇಕಾಗಲಿಲ್ಲ.

ಆದರೆ ಹಿಂದಿನ ಸೀಟಿನವರ ಪಟ್ಟಿಯಲ್ಲಿರುವುದು ಆಲ್ಟಿಮಾ 2.5. ಅದು ಬೇರೆ ಇಂಜಿನ್, ಮಾಮೂಲಿ ರಾಡ್.

ಗ್ರೀಸ್_ಕೈ
ಕೀಲು ಜಾಸ್ತಿ ಆದಷ್ಟೂ ನನ್ನಂಥವರಿಗೆ ಕೆಲಸ ಜಾಸ್ತಿ. ಸಂತೋಷ.

ನಾಲ್ಕೇ_ಸಾಕು
ಆಲ್ಟಿಮಾ, ಅಕಾರ್ಡ್ ಎರಡರಲ್ಲೂ ಸಿವಿಟಿ (ಮೆಟ್ಟಿಲು ಮೆಟ್ಟಿಲಾಗಿ ಗೇರ್ ಬದಲಿಸದ ಆಟೊಮ್ಯಾಟಿಕ್) ಅಂತ ಯಾರೂ ಹೇಳಲೇ ಇಲ್ಲ. ನಯದ ಮಾತು ಬಂದರೆ ಅದೂ ಅರ್ಧ ಪಾಲು. ನಿಧಾನ ಓಡಿಸಿದರೆ ಸಿವಿಟಿಯಷ್ಟು ಸ್ಮೂತ್ ಯಾವುದೂ ಇಲ್ಲ, ಗೇರ್ ಬದಲಾಗುವ ಜರ್ಕ್ ಇಲ್ಲ, ಇಂಜಿನ್ 1,500ರಲ್ಲಿ ಗುನುಗುತ್ತಿರುತ್ತದೆ. ಕಾಲು ಒತ್ತಿದಿರೋ, ಸೂಜಿ 4,500ಕ್ಕೆ ಏರಿ ಅಲ್ಲೇ ಕೂರುತ್ತದೆ. ಗೇರ್ ಇರುವ ಕಾರಿನಲ್ಲಿ ಸದ್ದು ಏರುತ್ತದೆ ಇಳಿಯುತ್ತದೆ, ಕಿವಿಗೆ ಬಿಡುವು ಸಿಗುತ್ತದೆ. ಇಲ್ಲಿ ಒಂದೇ ಸ್ವರ. ನಿಮ್ಮ ಗೋಳು ಕಾರು ಇದೇ ಇರಬೇಕು ಅಂತ ನನ್ನ ಊಹೆ.

ಹಿಂದಿನ_ಸೀಟು
ಊಹೆ ನಿಮ್ಮದು, ಬಾಯಿ ನನ್ನದು. ಹೇಳಲ್ಲ.

ಅರ್ಧ_ಕರೆಂಟು
ಮೊದಲ ಉತ್ತರವನ್ನು ಎಲ್ಲರೂ ದಾಟಿ ಹೋದಿರಿ. ಹೈಬ್ರಿಡ್‌ನಲ್ಲಿ ಸಿಗ್ನಲ್‌ನಲ್ಲಿ ಇಂಜಿನ್ನೇ ನಿಂತಿರುತ್ತದೆ. ಸೆಕೆಂಡಿಗೆ ಸೊನ್ನೆ ಒದೆತ. ಅಮ್ಮನ ಬೆನ್ನಿಗೆ ಇದಕ್ಕಿಂತ ಏನು ಬೇಕು?

ಒಂದು ಎಚ್ಚರಿಕೆ ಮಾತ್ರ. ಮೌನ ಇದ್ದ ಜಾಗದಲ್ಲಿ ಇಂಜಿನ್ ಎದ್ದಾಗ ಅದು ಎದ್ದದ್ದು ಜಾಸ್ತಿ ಕೇಳುತ್ತದೆ. ನನ್ನ ಕಾರಿನಲ್ಲಿ ಮೊದಲ ವಾರ ಪ್ರತಿ ಸಲ ಬೆಚ್ಚುತ್ತಿದ್ದೆ. ಉದ್ದ ಏರಿನಲ್ಲಿ ಕಾರಿನ ವೇಗಕ್ಕೂ ಇಂಜಿನ್ ಸದ್ದಿಗೂ ತಾಳಮೇಳ ಇರುವುದಿಲ್ಲ. ಕಾರು ಅಷ್ಟೇ ವೇಗದಲ್ಲಿದೆ, ಇಂಜಿನ್ ಮಾತ್ರ ಏನೋ ನೆನಪಾದಂತೆ ಕಿರುಚುತ್ತದೆ. ಹೆಂಡತಿ "ಏನಾಯ್ತು?" ಅಂತ ಕೇಳುತ್ತಾಳೆ. ಏನೂ ಆಗಿರುವುದಿಲ್ಲ.

ಆ್ಯಪ್_ರಾಜ
ಟಿಕ್ ಟಿಕ್ ಬಗ್ಗೆ ಯಾರೂ ಹೇಳಲಿಲ್ಲ. ಅದು ವಾಲ್ವ್ ತೊಂದರೆ ಅಲ್ವಾ? ಆ ಕಾರು ಬಿಟ್ಟುಬಿಡಿ.

ಗ್ರೀಸ್_ಕೈ
ಬಿಡುವ ಮೊದಲು ಕೇಳಿ. ಈಗಿನ ಬಹುತೇಕ ಇಂಜಿನ್‌ಗಳು ಡೈರೆಕ್ಟ್ ಇಂಜೆಕ್ಷನ್, ಅಂದರೆ ಇಂಧನ ನೇರ ಸಿಲಿಂಡರ್ ಒಳಗೇ ಚಿಮ್ಮುತ್ತದೆ. ವಾಲ್ವ್‌ಗೆ ಮುಂಚೆಯೇ ಚಿಮ್ಮುವ ಹಳೇ ಪೋರ್ಟ್ ಇಂಜೆಕ್ಷನ್‌ನಲ್ಲಿ ಇಂಧನದ ಒತ್ತಡ ಮೂರು ನಾಲ್ಕು ಬಾರ್. ಇದರಲ್ಲಿ ನೂರಾರು ಬಾರ್. ಆ ಪಂಪು, ಇಂಜೆಕ್ಟರ್ ಎರಡೂ ಹೊಲಿಗೆ ಯಂತ್ರದ ಥರ ಟಿಕ್ ಟಿಕ್ ಅನ್ನುತ್ತವೆ. ಅದು ಅದರ ಮಾಮೂಲಿ ಸದ್ದು. ಎಲ್ಲ ಗಾಜು ಏರಿಸಿ ಒಳಗೆ ಕೂತಾಗ ಕೇಳದಿದ್ದರೆ ಚಿಂತೆ ಬೇಡ. ಕ್ಯಾಮ್ರಿಯ 2.5ನಲ್ಲಿ ಪೋರ್ಟ್, ಡೈರೆಕ್ಟ್ ಎರಡೂ ಇವೆ, ಸಂದರ್ಭ ನೋಡಿ ಬದಲಿಸಿಕೊಳ್ಳುತ್ತದೆ.

ಆದರೆ ಟಿಕ್ ಬದಲು ಟೊಕ್ ಟೊಕ್ ಅಂತ ದಪ್ಪ ಸದ್ದು, ಅದೂ ರೇಸ್ ಕೊಟ್ಟಂತೆ ಜಾಸ್ತಿ ಆದರೆ ಅಲ್ಲಿಂದ ನಡೆಯಿರಿ. ಆಯಿಲ್ ಕಡ್ಡಿ ಎಳೆದು ನೋಡುವುದನ್ನು ಮರೆಯಬೇಡಿ. ಒಂದು ಸಲ ನಾನೇ ಮೋಸ ಹೋಗಿದ್ದೇನೆ. ನೆಂಟರಿಗೆ ಒಂದು ಸೆಡಾನ್ ಕೊಡಿಸಿದೆ, ಯಾವ ಕಂಪನಿ ಬೇಡ ಬಿಡಿ. ಐಡಲ್ ರೇಷ್ಮೆ ಥರ ಇತ್ತು. ಎರಡು ವಾರಕ್ಕೆ ಟೊಕ್ ಟೊಕ್ ಶುರು. ಮಾರಿದವನು ದಪ್ಪ ಆಯಿಲ್ ತುಂಬಿ ಸದ್ದು ಮುಚ್ಚಿದ್ದ. ಆ ನೆಂಟರ ಮನೆಗೆ ಈಗಲೂ ಹೋಗಲು ಮುಜುಗರ.

ಹೊಸ_ಸೊನಾಟಾ
ಸೊನಾಟಾ ಪರವಾಗಿ ಒಂದು ಮಾತು. ನನ್ನದು 2018ರ 2.4, 6 ಸ್ಪೀಡ್. ನಿಂತಾಗ ಒಳ್ಳೆಯ ಮೌನ. 3,000ದವರೆಗೆ ತಕರಾರಿಲ್ಲ. ಆಮೇಲೆ ಸದ್ದು ಇದೆ, ಆದರೆ ನಡುಕ ಇಲ್ಲ. ನನಗೆ ಸದ್ದು ನಡೆಯುತ್ತದೆ, ನಡುಕ ನಡೆಯಲ್ಲ. ಅಮ್ಮನಿಗೂ ಹಾಗೇ ಅಲ್ವಾ? ಹಾಗಿದ್ದರೆ ಕಿವಿಯ ಲೆಕ್ಕ ಬಿಟ್ಟು ಬೆನ್ನಿನ ಲೆಕ್ಕ ಹಾಕಿ.

ತಿರುವಿನ_ದಾರಿ
ಇದು ಸರಿಯಾದ ಮಾತು. ಅಮ್ಮನನ್ನೇ ಕರೆದುಕೊಂಡು ಹೋಗಿ ಹಿಂದೆ ಕೂರಿಸಿ. ಓಡಿಸುವವರಿಗೆ ಸ್ಟೀರಿಂಗ್‌ನಲ್ಲಿ ಗೊತ್ತಾಗುವುದು ಹಿಂದೆ ಕೂತವರಿಗೆ ಗೊತ್ತಾಗುವುದಿಲ್ಲ. ಹಿಂದೆ ಗುಮ್ಮೆನ್ನುವುದು ಮುಂದೆ ಕೇಳುವುದಿಲ್ಲ.

ಹಿಂದಿನ_ಸೀಟು
ಎಲ್ಲರಿಗೂ ವರದಿ. ಹತ್ತು ದಿನ ಆಯಿತು, ತಡವಾಗಿದ್ದಕ್ಕೆ ಕ್ಷಮಿಸಿ.

ನಡುಗುತ್ತಿದ್ದ ಕಾರನ್ನು ಮತ್ತೆ ನೋಡಲು ಹೋದೆ. ಬೆಳಿಗ್ಗೆ ಏಳಕ್ಕೆ. ಬಾನೆಟ್ ಮುಟ್ಟಿದೆ, ತಣ್ಣಗಿತ್ತು. ಸ್ಟಾರ್ಟ್ ಆದಾಗ ಅರ್ಧ ನಿಮಿಷ ಜೋರು, ಆಮೇಲೆ ಸೂಜಿ ಇಳಿಯಿತು. ಬಿಸಿಯಾಗುವವರೆಗೆ ಒಂದು ಸುತ್ತು ಓಡಿಸಿ ನಿಲ್ಲಿಸಿದೆ. ಡಿಯಲ್ಲಿ ನಡುಕ. ಎನ್‌ಗೆ ಹಾಕಿದೆ, ಸ್ವಿಚ್ ಆಫ್ ಮಾಡಿದಂತೆ ನಿಂತಿತು. ಮತ್ತೆ ಡಿ, ಮತ್ತೆ ನಡುಕ. ಕನ್ನಡಿಯ ದೀಪ ಒಂದಾಗುತ್ತದೆ, ಎರಡಾಗುತ್ತದೆ. ಆಟದಂತೆ ನಾಲ್ಕು ಸಲ ಮಾಡಿದೆ. ಮಾರುವವರು ನನ್ನನ್ನೇ ವಿಚಿತ್ರವಾಗಿ ನೋಡುತ್ತಿದ್ದರು.

ಪರಿಚಯದ ಮೆಕ್ಯಾನಿಕ್ ಜೊತೆಗಿದ್ದರು. ಬಾನೆಟ್ ತೆಗೆದು ಟಾರ್ಚ್ ಹಿಡಿದು ಐದು ನಿಮಿಷ ಕೈ ಆಡಿಸಿದರು. ಮೌಂಟ್‌ಗೆ ಹೋಗುವ ಕಿರುಬೆರಳು ದಪ್ಪದ ರಬ್ಬರ್ ಪೈಪು, ಅದರ ತುದಿ ಸೀಳಿತ್ತು. ನಿಂತಾಗ ಆ ಪೈಪಿನ ಮೂಲಕ ಮೌಂಟ್‌ಗೆ ನಿರ್ವಾತ ಸಿಗಬೇಕಂತೆ, ಆಗ ಅದು ಮೃದುವಾಗುತ್ತದಂತೆ. ಸಿಗದಿದ್ದರೆ ಯಾವಾಗಲೂ ಗಟ್ಟಿ. ಸೀಳಿದ ತುದಿ ಕತ್ತರಿಸಿ ಮತ್ತೆ ಸಿಕ್ಕಿಸಿದರು. ಡಿಯಲ್ಲಿ ಹಾಕಿದೆ. ದೀಪ ಒಂದೇ!

ಗ್ರೀಸ್_ಕೈ
👏👏 ಆದರೂ ಪೈಪು ಹೊಸದು ಹಾಕಿಸಿ. ಒಂದು ಕಡೆ ಸೀಳಿದ ರಬ್ಬರ್ ಇನ್ನೊಂದು ಕಡೆಯೂ ಸೀಳುತ್ತದೆ. ಅದೇ ವಯಸ್ಸಿನ ಬೇರೆ ಪೈಪುಗಳನ್ನೂ ಒಮ್ಮೆ ಹಿಂಡಿ ನೋಡಲು ಹೇಳಿ.

ಹಳೇ_ಪಿಸ್ಟನ್
ಒಂದು ರಬ್ಬರ್ ತುಂಡು. ನಾವು ಇಲ್ಲಿ ಬ್ಯಾಲೆನ್ಸ್ ಶಾಫ್ಟ್ ಬಗ್ಗೆ ಜಗಳ ಆಡುತ್ತಿದ್ದೆವು.

ಮೂರನೇ_ಕ್ಯಾಮ್ರಿ
ಅಮ್ಮ ಏನಂದರು?

ಹಿಂದಿನ_ಸೀಟು
ಅಮ್ಮನನ್ನು ನಿನ್ನೆ ಆ ಕಾರಿಗೂ ಟಿಕ್ ಟಿಕ್ ಕಾರಿಗೂ ಹತ್ತಿಸಿದೆ. ಎರಡರಲ್ಲೂ ಇಪ್ಪತ್ತು ನಿಮಿಷ, ಒಂದೇ ದಾರಿ, ಒಂದೇ ಏರು. ಇಂಜಿನ್ ಬಗ್ಗೆ ಒಂದು ಮಾತೂ ಆಡಲಿಲ್ಲ. ಇಳಿದ ಮೇಲೆ ಕೇಳಿದೆ. "ಎರಡೂ ಚೆನ್ನಾಗಿವೆ, ಆದರೆ ಎರಡನೆಯದರ ಚಕ್ರ ಯಾಕೆ ಅಷ್ಟು ಗುಂಯ್ ಅನ್ನುತ್ತದೆ?" ಅಂದರು.

ತಿರುವಿನ_ದಾರಿ
ಟೈರ್! ನಾನು ಹೇಳಲಿಲ್ಲವಾ? ಬದಿಯಲ್ಲಿ ಬರೆದ ತಯಾರಿ ವಾರ, ವರ್ಷ ನೋಡಿ. ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಹಳೇ ಟೈರ್ ಗಟ್ಟಿಯಾಗಿ ಕಿರುಚುತ್ತದೆ.

ಹಿಂದಿನ_ಸೀಟು
ನೋಡಿದೆ, 1217 ಅಂತ ಇತ್ತು.

ತಿರುವಿನ_ದಾರಿ
2017ರ 12ನೇ ವಾರ. ಕಾರಿಗಿಂತ ಟೈರ್ ಹಿರಿಯ. ನಾಲ್ಕೂ ಬದಲಿಸುವ ಖರ್ಚು ಲೆಕ್ಕ ಹಾಕಿ ಚೌಕಾಸಿ ಮಾಡಿ.

ಆ್ಯಪ್_ರಾಜ
ಟೈರ್ ಸದ್ದನ್ನಾದರೂ ಆ್ಯಪ್ ಸರಿಯಾಗಿ ಅಳೆಯುತ್ತದೆಯಾ?

ಹಳೇ_ಪಿಸ್ಟನ್
ಅದರ ಬಹುಪಾಲು ಕೆಲವು ನೂರು ಹರ್ಟ್ಸ್‌ನಿಂದ ಮೇಲೆ. ಎಂಜಿನ್ನಿಗಿಂತ ಎಷ್ಟೋ ಚೆನ್ನಾಗಿ ಅಳೆಯುತ್ತದೆ. ಒಂದೇ ರಸ್ತೆ, ಒಂದೇ ವೇಗ. ಎಸಿ ಎರಡರಲ್ಲೂ ಆಫ್.

ಸುಮ್ನೆ_ಓದುವವ
ಈಗಲಾದರೂ ಯಾವ ಕಾರು ಅಂತ ಹೇಳಿ.

ಹಿಂದಿನ_ಸೀಟು
ಕಾಗದ ನನ್ನ ಹೆಸರಿಗೆ ಆಗಲಿ. ಈಗ ಹೇಳಿದರೆ ನಾಲ್ಕೇ ಸಾಕು ಅವರೂ ಮೂರನೇ ಕ್ಯಾಮ್ರಿ ಅವರೂ ಮತ್ತೆ ಶುರು ಮಾಡುತ್ತಾರೆ.

ಮೂರನೇ_ಕ್ಯಾಮ್ರಿ
ನಾನು ಏನೂ ಅನ್ನುವುದಿಲ್ಲ. ಕ್ಯಾಮ್ರಿ ತಾನೇ?